ಸಾವು ಒಂದೇ, ಕಲಮು ಬೇರೆ

2022ರ ಜೂನ್ 20ರಂದು ಮಿರಜ ತಾಲೂಕಿನ ಮ್ಹೈಸಾಳದಲ್ಲಿ ಒಂದೇ ಕುಟುಂಬಕ್ಕೆ ಸೇರಿದ ಒಂಬತ್ತು ಜನ ಎರಡು ಮನೆಗಳಲ್ಲಿ ಶವವಾಗಿ ಕಂಡುಬಂದರು. ಕೃಷ್ಣೆಯ ದಡದ ಈ ಊರಿಗೂ ಕರ್ನಾಟಕದ ಕಾಗವಾಡಕ್ಕೂ ಹೆಚ್ಚು ದೂರವಿಲ್ಲ. ಆ ಸುದ್ದಿ ಗಡಿಯ ಎರಡೂ ಬದಿಯ ಮನೆಗಳನ್ನು ನಡುಗಿಸಿತು. ಮೊದಲ ದಿನಗಳಲ್ಲಿ ಎಲ್ಲರೂ ಅದನ್ನು ಸಾಲದ ಹೊರೆ ತಾಳಲಾರದೆ ನಡೆದ ಸಾಮೂಹಿಕ ಆತ್ಮಹತ್ಯೆ ಎಂದೇ ಬಗೆದರು. ಸ್ಥಳದಲ್ಲಿ ಚೀಟಿಗಳು ದೊರೆತಿದ್ದವು. ಅವುಗಳಲ್ಲಿ ಸಾಲ ಕೊಟ್ಟವರ ಹೆಸರುಗಳಿದ್ದವು. ಅವುಗಳ ಆಧಾರದ ಮೇಲೆ ಇಪ್ಪತ್ತಕ್ಕೂ ಹೆಚ್ಚು ಜನರ ಮೇಲೆ ಆತ್ಮಹತ್ಯೆಗೆ ಪ್ರಚೋದನೆ ನೀಡಿದ ಪ್ರಕರಣ ದಾಖಲಾಯಿತು. ಆಗಿನ ಭಾರತೀಯ ದಂಡ ಸಂಹಿತೆಯಲ್ಲಿ ಅದು ಕಲಮು 306.

ಒಂದು ವಾರ ಕಳೆಯಿತು. ಜೂನ್ 27ರಂದು ಪೊಲೀಸರು ಬೇರೆಯೇ ಮಾತನ್ನು ಹೇಳಿದರು. ಇದು ಆತ್ಮಹತ್ಯೆಯಲ್ಲ, ಗುಪ್ತನಿಧಿಯ ಆಸೆ ತೋರಿಸಿ ಹಣ ಪಡೆದವರು ವಿಷವಿಕ್ಕಿ ಮಾಡಿದ ಕೊಲೆ ಎಂಬುದು ಅವರ ಆರೋಪವಾಗಿತ್ತು. ಇಬ್ಬರ ಬಂಧನವಾಯಿತು. 306ರ ಜಾಗಕ್ಕೆ 302 ಬಂದಿತು.

ಪೊಲೀಸರ ಹೇಳಿಕೆ ತೀರ್ಪಲ್ಲ. ಆರೋಪವು ನ್ಯಾಯಾಲಯದಲ್ಲಿ ಸಾಕ್ಷ್ಯಗಳಿಂದ ಸಿದ್ಧವಾಗುವವರೆಗೆ ಆರೋಪವಾಗಿಯೇ ಉಳಿಯುತ್ತದೆ. ಆದರೆ ಆ ಒಂದು ವಾರದಲ್ಲಿ ನಡೆದ ಬದಲಾವಣೆಯನ್ನು ಸಾವಧಾನವಾಗಿ ನೋಡಬೇಕು. ಸತ್ತವರ ಸಂಖ್ಯೆ ಒಂಬತ್ತೇ ಇತ್ತು. ಮನೆಗಳು ಅವೇ, ದಿನವೂ ಅದೇ. ಬದಲಾದುದು ಒಂದೇ ಒಂದು ಪ್ರಶ್ನೆಗೆ ಕೊಟ್ಟ ಉತ್ತರ: ಈ ಸಾವು ಯಾರ ಕೈಯಿಂದ, ಯಾವ ಮನಸ್ಸಿನಿಂದ ಆಯಿತು? ಆ ಉತ್ತರ ಬದಲಾದೊಡನೆ ಗರಿಷ್ಠ ಶಿಕ್ಷೆ ಹತ್ತು ವರ್ಷದ ಸೆರೆಯಿಂದ ಮರಣದಂಡನೆಗೆ ಏರಿತು. ಸಾವಿನ ಪ್ರಕರಣಗಳಲ್ಲಿ ಕಾನೂನು ಹೆಣಗಳನ್ನು ಎಣಿಸಿ ನಿಲ್ಲುವುದಿಲ್ಲ. ಅದು ಮನಸ್ಸನ್ನು ಅಳೆಯುತ್ತದೆ. ಹೇಗೆ ಅಳೆಯುತ್ತದೆ ಎಂಬುದನ್ನು ಗಡಿನಾಡಿನ ಪ್ರತಿಯೊಂದು ಮನೆಯೂ ಸ್ವಲ್ಪವಾದರೂ ತಿಳಿದಿರುವುದು ಒಳ್ಳೆಯದು.

ಎರಡು ಭಾಷೆ, ಎರಡು ಪದ

ಮಿರಜ, ಜತ್ತ, ಅಕ್ಕಲಕೋಟದ ಕನ್ನಡ ಕುಟುಂಬಗಳು ಮನೆಯಲ್ಲಿ ಕನ್ನಡ ಆಡಿದರೂ ಅಪರಾಧದ ಸುದ್ದಿಯನ್ನು ಹೆಚ್ಚಾಗಿ ಮರಾಠಿ ಪತ್ರಿಕೆಯಲ್ಲಿಯೇ ಓದುತ್ತವೆ. ಅಲ್ಲಿ ಒಂದು ದಿನ ‘ಖೂನ’ ಎಂದಿರುತ್ತದೆ, ಇನ್ನೊಂದು ದಿನ ‘ಸದೋಷ ಮನುಷ್ಯವಧ’ ಎಂದಿರುತ್ತದೆ. ಎರಡೂ ಒಂದೇ ಎಂದು ಭಾವಿಸಿ ಮುಂದೆ ಸಾಗುವವರೇ ಹೆಚ್ಚು. ಅವು ಒಂದಲ್ಲ. ಮೊದಲನೆಯದು ಕನ್ನಡದ ‘ಕೊಲೆ’. ಎರಡನೆಯದು ಕನ್ನಡದ ಕಾನೂನು ಪುಸ್ತಕಗಳಲ್ಲಿ ‘ದಂಡನೀಯ ನರಹತ್ಯೆ’ ಎಂದು ಬರುವಂಥದು. ಪ್ರತಿಯೊಂದು ಕೊಲೆಯೂ ದಂಡನೀಯ ನರಹತ್ಯೆಯೇ. ಆದರೆ ಪ್ರತಿಯೊಂದು ದಂಡನೀಯ ನರಹತ್ಯೆಯೂ ಕೊಲೆಯಲ್ಲ. ಹೊರಗಿನ ದೊಡ್ಡ ವೃತ್ತ ನರಹತ್ಯೆ, ಒಳಗಿನ ಚಿಕ್ಕ ವೃತ್ತ ಕೊಲೆ.

ಪರದೇಶದ ಚಲನಚಿತ್ರಗಳನ್ನು ನೋಡುವ ಮಕ್ಕಳಿಗೆ ಮತ್ತೊಂದು ಮಾತು ಪರಿಚಿತ: ‘ಫಸ್ಟ್ ಡಿಗ್ರಿ’ ಕೊಲೆ, ‘ಸೆಕೆಂಡ್ ಡಿಗ್ರಿ’ ಕೊಲೆ. ಅದು ಅಮೆರಿಕದ ಪದ್ಧತಿ. 1794ರಲ್ಲಿ ಅಲ್ಲಿಯ ಪೆನ್ಸಿಲ್ವೇನಿಯಾ ರಾಜ್ಯವು ಕೊಲೆಯನ್ನು ಎರಡು ದರ್ಜೆಗಳಾಗಿ ವಿಂಗಡಿಸಿತು. ಎಲ್ಲ ಕೊಲೆಗಳಿಗೂ ಮರಣದಂಡನೆ ವಿಧಿಸಬಾರದು, ಯೋಚಿಸಿ ಮಾಡಿದ ಘೋರ ಕೊಲೆಗೆ ಮಾತ್ರ ಅದು ಮೀಸಲಾಗಿರಲಿ ಎಂಬುದು ಅದರ ಹಿಂದಿನ ವಿಚಾರ. ಅನಂತರ ಇತರ ರಾಜ್ಯಗಳೂ ಅದೇ ಹಾದಿ ಹಿಡಿದವು.

ಭಾರತದ ಕಾಯ್ದೆಯಲ್ಲಿ ‘ದರ್ಜೆ’ ಎಂಬ ಪದವಿಲ್ಲ. ಆದರೆ ದರ್ಜೆಗಳು ಇವೆ. 1976ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಂಧ್ರಪ್ರದೇಶದ ಪುನ್ನಯ್ಯ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿತು. ದಂಡನೀಯ ನರಹತ್ಯೆಗೆ ಮೂರು ಮೆಟ್ಟಿಲುಗಳಿವೆ: ಅತ್ಯಂತ ಘೋರವಾದುದು ಕೊಲೆ, ನಡುವಿನದು ಸಾವನ್ನು ತರುವ ಉದ್ದೇಶವಿದ್ದೂ ಕೊಲೆಯ ಮಟ್ಟಕ್ಕೆ ಏರದ ನರಹತ್ಯೆ, ಕೆಳಗಿನದು ಉದ್ದೇಶವಿಲ್ಲದೆ, ಸಾವು ಆದೀತೆಂಬ ಅರಿವು ಮಾತ್ರ ಇದ್ದು ಮಾಡಿದ ನರಹತ್ಯೆ. ಈ ಮೂರರ ಹೊರಗೆ, ಇನ್ನೂ ಕೆಳಗೆ, ನಿರ್ಲಕ್ಷ್ಯದಿಂದಾದ ಸಾವು ನಿಲ್ಲುತ್ತದೆ.

ಹಳೆಯ ಸಂಖ್ಯೆ, ಹೊಸ ಸಂಖ್ಯೆ

1837ರಲ್ಲಿ ಮೆಕಾಲೆಯ ಮುಂದಾಳುತನದಲ್ಲಿ ಕರಡಾಗಿ, 1860ರಲ್ಲಿ ಅಂಗೀಕೃತವಾಗಿ, 1862ರ ಜನವರಿ 1ರಿಂದ ಜಾರಿಗೆ ಬಂದ ಭಾರತೀಯ ದಂಡ ಸಂಹಿತೆಯು 2024ರ ಜೂನ್ 30ರವರೆಗೆ ನಡೆಯಿತು. ಮರುದಿನದಿಂದ ಅದರ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಸಂಖ್ಯೆಗಳು ಬದಲಾಗಿವೆ, ವಿಚಾರ ಬಹುಮಟ್ಟಿಗೆ ಹಿಂದಿನದೇ. ನರಹತ್ಯೆಯ ವ್ಯಾಖ್ಯೆ ಹಿಂದೆ 299, ಈಗ 100. ಕೊಲೆಯ ವ್ಯಾಖ್ಯೆ ಹಿಂದೆ 300, ಈಗ 101. ಕೊಲೆಯ ಶಿಕ್ಷೆ ಹಿಂದೆ ಎಲ್ಲರ ಬಾಯಲ್ಲಿದ್ದ 302, ಈಗ 103. ಕೊಲೆಯಲ್ಲದ ನರಹತ್ಯೆಯ ಶಿಕ್ಷೆ ಹಿಂದೆ 304, ಈಗ 105. ನಿರ್ಲಕ್ಷ್ಯದ ಸಾವು ಹಿಂದೆ 304-ಎ, ಈಗ 106. ಕೊಲೆಯ ಪ್ರಯತ್ನ ಹಿಂದೆ 307, ಈಗ 109. ಆತ್ಮಹತ್ಯೆಗೆ ಪ್ರಚೋದನೆ ಹಿಂದೆ 306, ಈಗ 108.

ಮ್ಹೈಸಾಳದ ಪ್ರಕರಣಕ್ಕೆ ಹಳೆಯ ಸಂಖ್ಯೆಗಳೇ ಅನ್ವಯಿಸುತ್ತವೆ. ಕೃತ್ಯ ನಡೆದ ದಿನ ಯಾವ ಕಾನೂನು ಜಾರಿಯಲ್ಲಿತ್ತೋ ಅದರಂತೆಯೇ ವಿಚಾರಣೆ. ಆ ಕಾಲದಲ್ಲಿ ಇದ್ದುದಕ್ಕಿಂತ ಹೆಚ್ಚಿನ ಶಿಕ್ಷೆಯನ್ನು ಹಿಂದಕ್ಕೆ ಹಾಯಿಸಿ ವಿಧಿಸಲಾಗದು. ಸಂವಿಧಾನದ 20ನೆಯ ಅನುಚ್ಛೇದದ ಅಭಯವಿದು. ಆದುದರಿಂದ ಇನ್ನೂ ಹಲವು ವರ್ಷ ಪತ್ರಿಕೆಗಳಲ್ಲಿ 302 ಮತ್ತು 103 ಅಕ್ಕಪಕ್ಕದಲ್ಲಿಯೇ ಕಾಣಿಸಿಕೊಳ್ಳಲಿವೆ.

ಕೂದಲೆಳೆಯ ಅಂತರ

ನರಹತ್ಯೆಗೂ ಕೊಲೆಗೂ ಇರುವ ಭೇದವನ್ನು ಮೊದಲು ತಿಳಿಯಾಗಿ ವಿವರಿಸಿದ ತೀರ್ಪು ಮುಂಬಯಿ ಉಚ್ಚ ನ್ಯಾಯಾಲಯದ್ದು. 1876ರ ಗೋವಿಂದ ಪ್ರಕರಣವದು. ಹದಿನೆಂಟು ವರ್ಷದ ಗಂಡ ಹದಿನೈದು ವರ್ಷದ ಹೆಂಡತಿಯನ್ನು ಒದ್ದು ಕೆಡವಿದ. ಎದೆಯ ಮೇಲೆ ಮೊಣಕಾಲೂರಿ ಮುಖಕ್ಕೆ ಎರಡು ಮೂರು ಬಾರಿ ಬಲವಾಗಿ ಗುದ್ದಿದ. ಮಿದುಳಿನಲ್ಲಿ ರಕ್ತಸ್ರಾವವಾಗಿ ಆಕೆ ಸತ್ತಳು. ಕೆಳಗಿನ ನ್ಯಾಯಾಲಯ ಕೊಲೆ ಎಂದಿತು. ಉಚ್ಚ ನ್ಯಾಯಾಲಯದಲ್ಲಿ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಮ್ಮತ ಮೂಡಲಿಲ್ಲ. ಪ್ರಕರಣ ಮೂರನೆಯವರಾದ ಮೆಲ್ವಿಲ್ ಅವರ ಮುಂದೆ ಹೋಯಿತು.

ಮೆಲ್ವಿಲ್ ಎರಡೂ ಕಲಮುಗಳನ್ನು ಎದುರುಬದುರು ಇರಿಸಿ ತೂಗಿ ನೋಡಿದರು. ಕೊಲ್ಲಲೆಂದೇ ಹೊಡೆದರೆ ಅದು ಕೊಲೆ, ಅದರಲ್ಲಿ ಸಂಶಯವಿಲ್ಲ. ಕೊಲ್ಲುವ ಉದ್ದೇಶವಿಲ್ಲದೆ ಗಾಯ ಮಾಡುವ ಉದ್ದೇಶ ಮಾತ್ರ ಇದ್ದಾಗ ಪ್ರಶ್ನೆ ಏಳುತ್ತದೆ. ಆಗ ನೋಡಬೇಕಾದುದು ಸಂಭವದ ಪ್ರಮಾಣವನ್ನು. ಆ ಗಾಯದಿಂದ ಸಾವು ಬರಬಹುದಾಗಿತ್ತು ಎಂದಾದರೆ ಅದು ನರಹತ್ಯೆ. ಸಹಜ ಗತಿಯಲ್ಲಿ ಸಾವು ಬಂದೇ ಬರುವಷ್ಟು ಗಾಯವಾಗಿದ್ದರೆ ಅದು ಕೊಲೆ. ಬರಿಗೈಯ ಆ ಗುದ್ದುಗಳು ಮೊದಲನೆಯ ಜಾತಿಗೆ ಸೇರಿದವು ಎಂದು ಅವರು ತೀರ್ಮಾನಿಸಿದರು. ಯುವಕನು ನೇಣಿನಿಂದ ಪಾರಾದನು. ಏಳು ವರ್ಷಗಳ ಕರಿನೀರಿನ ಶಿಕ್ಷೆಯಾಯಿತು. ‘ಬರಬಹುದು’ ಮತ್ತು ‘ಬಂದೇ ಬರುತ್ತದೆ’ ಎಂಬೆರಡು ಕ್ರಿಯಾಪದಗಳ ನಡುವಿನ ಅಂತರದಲ್ಲಿ ಒಂದು ಜೀವ ಉಳಿದ ಕಥೆಯಿದು. ಸತ್ತ ಬಾಲೆಯ ಜೀವ ಆ ಅಂತರದಿಂದ ಮರಳಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ.

ಮಿರಜದ ವೈದ್ಯರ ಒಂದು ವಾಕ್ಯ

1894ರಲ್ಲಿ ಡಾಕ್ಟರ್ ವಾನ್‌ಲೆಸ್ ಇಲ್ಲಿ ಮಿಷನ್ ಆಸ್ಪತ್ರೆಯನ್ನು ಆರಂಭಿಸಿದ ಮೇಲೆ ಮಿರಜವು ಔಷಧೋಪಚಾರದ ಊರಾಗಿ ಬೆಳೆಯಿತು. ಅಥಣಿ, ಜಮಖಂಡಿ, ವಿಜಯಪುರದ ಕಡೆಯ ರೋಗಿಗಳು ಇಂದಿಗೂ ಇಲ್ಲಿಗೆ ಬರುತ್ತಾರೆ. ಹೊಲದ ಬದುವಿನ ಜಗಳದಲ್ಲಿ ಗಾಯಗೊಂಡವರೂ ಅವರೊಂದಿಗೆ ಬರುತ್ತಾರೆ. ಅಂಥ ಗಾಯಾಳು ಉಳಿಯದೆ ಹೋದರೆ, ಶವಪರೀಕ್ಷೆಯ ವರದಿಯಲ್ಲಿ ವೈದ್ಯರು ಬರೆಯುವ ಒಂದು ವಾಕ್ಯಕ್ಕೆ ಅಪಾರ ತೂಕ ಬರುತ್ತದೆ: ಈ ಗಾಯ ಪ್ರಕೃತಿಯ ಸಹಜ ಗತಿಯಲ್ಲಿ ಸಾವನ್ನು ತರಲು ಸಾಕಷ್ಟಾಗಿತ್ತೇ?

ಈ ವಾಕ್ಯಕ್ಕೆ ಇಷ್ಟು ತೂಕ ಏಕೆ ಎಂಬುದನ್ನು 1958ರ ವಿರ್ಸಾ ಸಿಂಗ್ ಪ್ರಕರಣ ತಿಳಿಸುತ್ತದೆ. ಪಂಜಾಬದಲ್ಲಿ ಒಬ್ಬ ಯುವಕ ಭರ್ಚಿಯಿಂದ ಒಂದೇ ಒಂದು ಸಲ ಹೊಟ್ಟೆಗೆ ಇರಿದ. ಗಾಯಗೊಂಡವನು ಮರುದಿನ ಸತ್ತ. ‘ಕೊಲ್ಲುವ ಉದ್ದೇಶ ನನಗಿರಲಿಲ್ಲ’ ಎಂಬುದು ಅವನ ಪರವಾಗಿ ಬಂದ ವಾದ. ನ್ಯಾಯಮೂರ್ತಿ ವಿವಿಯನ್ ಬೋಸ್ ಅದನ್ನು ಒಪ್ಪಲಿಲ್ಲ. ಅವರ ಪರೀಕ್ಷೆ ನಾಲ್ಕು ಹಂತಗಳದು. ದೇಹದ ಮೇಲೆ ಗಾಯವಾಗಿದೆಯೇ? ಅದು ಯಾವ ಬಗೆಯ ಗಾಯ? ಆ ಗಾಯವನ್ನೇ ಮಾಡುವ ಉದ್ದೇಶವಿತ್ತೇ, ಅಥವಾ ಅದು ಆಕಸ್ಮಿಕವೇ? ಆ ಗಾಯ ಸಹಜ ಗತಿಯಲ್ಲಿ ಸಾವಿಗೆ ಸಾಕಷ್ಟಾಗಿತ್ತೇ? ಮೊದಲ ಮೂರು ಸಿದ್ಧವಾದ ಮೇಲೆ ನಾಲ್ಕನೆಯದು ಆರೋಪಿಯ ಮನಸ್ಸಿಗೆ ಸಂಬಂಧಿಸಿದ್ದಲ್ಲ. ಅದು ಶರೀರಶಾಸ್ತ್ರದ ಪ್ರಶ್ನೆ. ಇರಿಯಬೇಕೆಂದು ಇರಿದವನು ‘ಇಷ್ಟು ಆಳವಾದೀತೆಂದು ತಿಳಿದಿರಲಿಲ್ಲ’ ಎಂದು ತಪ್ಪಿಸಿಕೊಳ್ಳಲಾರ.

ಇದರಿಂದ ಒಂದು ಜನಜನಿತವಾದ ಭ್ರಮೆ ಹರಿಯುತ್ತದೆ. ‘ಕೈಕಾಲಿಗೆ ಹೊಡೆದರೆ 302 ಬೀಳುವುದಿಲ್ಲ, ತಲೆಗೆ ಹೊಡೆದರೆ ಮಾತ್ರ ಬೀಳುತ್ತದೆ’ ಎಂಬ ಮಾತು ಊರ ಕಟ್ಟೆಯ ಮೇಲೆ ಕೇಳಿಬರುತ್ತದೆ. ಪುನ್ನಯ್ಯ ಪ್ರಕರಣದಲ್ಲಿ ಹೊಡೆತಗಳು ಬಿದ್ದುದು ಬಹುಮಟ್ಟಿಗೆ ಕೈಕಾಲುಗಳ ಮೇಲೆಯೇ. ಭಾರವಾದ ಬಡಿಗೆಗಳಿಂದ ಹಲವರು ಕೂಡಿ ಮಾಡಿದ ಹತ್ತೊಂಬತ್ತು ಗಾಯಗಳು ಅಲ್ಲಿದ್ದವು. ಉಚ್ಚ ನ್ಯಾಯಾಲಯ ಅದನ್ನು ಕೆಳಗಿನ ಮೆಟ್ಟಿಲಿಗೆ ಇಳಿಸಿದ್ದರೂ ಸರ್ವೋಚ್ಚ ನ್ಯಾಯಾಲಯ ಕೊಲೆಯ ಮೆಟ್ಟಿಲಿಗೆ ಮರಳಿ ಏರಿಸಿತು. ಪ್ರತಿಯೊಂದು ಗಾಯವನ್ನು ಬಿಡಿಬಿಡಿಯಾಗಿ ನೋಡಿದರೆ ಸಾಲದು, ಎಲ್ಲವೂ ಕೂಡಿ ಸಾವಿಗೆ ಸಾಕಾದವೇ ಎಂದು ನೋಡಬೇಕು ಎಂಬುದು ಅಲ್ಲಿಯ ತತ್ತ್ವ.

ಆಸ್ಪತ್ರೆಯ ಊರಿಗೆ ಸಂಬಂಧಿಸಿದ ಇನ್ನೊಂದು ಭ್ರಮೆಯೂ ಇದೆ. ‘ಸಕಾಲಕ್ಕೆ ಒಳ್ಳೆಯ ಚಿಕಿತ್ಸೆ ದೊರೆತಿದ್ದರೆ ಬದುಕುತ್ತಿದ್ದ, ಆದುದರಿಂದ ಹೊಡೆದವನದು ಕೊಲೆಯಲ್ಲ’ ಎಂಬ ವಾದ. ಕಾಯ್ದೆಯ ವಿವರಣೆಯೇ ಈ ಬಾಗಿಲನ್ನು ಮುಚ್ಚಿದೆ. ಗಾಯದಿಂದ ಸಾವು ಸಂಭವಿಸಿದ್ದರೆ, ನುರಿತ ಚಿಕಿತ್ಸೆಯಿಂದ ಅದನ್ನು ತಪ್ಪಿಸಬಹುದಾಗಿತ್ತು ಎಂಬ ಮಾತ್ರಕ್ಕೆ ಗಾಯ ಮಾಡಿದವನು ಸಾವಿನ ಕಾರಣಕರ್ತನಲ್ಲ ಎಂದಾಗದು. ಹಾಗೆಯೇ, ಎದುರಿನವನಿಗೆ ಹೃದಯದ ಕಾಯಿಲೆ ಇದೆಯೆಂದು ತಿಳಿದೇ, ಆರೋಗ್ಯವಂತನು ತಾಳಿಕೊಳ್ಳಬಹುದಾದ ಹೊಡೆತದಿಂದ ಅವನು ಸತ್ತಾನೆಂದು ಅರಿತೇ ಹೊಡೆದರೆ ಅದೂ ಕೊಲೆಯೇ. ಆ ಕಾಯಿಲೆಯ ಸುಳಿವೇ ಇಲ್ಲದವನು ಹೊಡೆದಿದ್ದರೆ ಅಪರಾಧ ಬೇರೆ. ಹೊಡೆತ ಒಂದೇ, ಅರಿವು ಬೇರೆ.

ಕೋಪಕ್ಕೆ ಎಷ್ಟು ಗಂಟೆಗಳ ರಿಯಾಯಿತಿ?

ಕೊಲೆಯ ಲಕ್ಷಣಗಳೆಲ್ಲ ಇದ್ದರೂ ಐದು ಸಂದರ್ಭಗಳಲ್ಲಿ ಕಾನೂನು ಒಂದು ಮೆಟ್ಟಿಲು ಕೆಳಗಿಳಿಯುತ್ತದೆ: ತೀವ್ರವೂ ಹಠಾತ್ತೂ ಆದ ಪ್ರಚೋದನೆಯಿಂದ ಸಂಯಮ ತಪ್ಪಿದಾಗ, ಆತ್ಮರಕ್ಷಣೆಯ ಹಕ್ಕನ್ನು ಸದ್ಭಾವನೆಯಿಂದ ಮೀರಿದಾಗ, ಸರಕಾರಿ ಅಧಿಕಾರಿ ಕರ್ತವ್ಯಪಾಲನೆಯಲ್ಲಿ ಸದ್ಭಾವನೆಯಿಂದ ಅಧಿಕಾರ ಮೀರಿದಾಗ, ಪೂರ್ವಯೋಜನೆಯಿಲ್ಲದೆ ಹಠಾತ್ತಾಗಿ ಹತ್ತಿದ ಜಗಳದಲ್ಲಿ, ಕ್ರೂರತನವಿಲ್ಲದೆ, ಅನುಚಿತ ಲಾಭ ಪಡೆಯದೆ ಹೊಡೆದಾಗ, ಹದಿನೆಂಟು ವರ್ಷ ಮೀರಿದವನು ತಾನಾಗಿ ಸಾವಿಗೆ ಸಮ್ಮತಿಸಿದಾಗ.

ಇವುಗಳಲ್ಲಿ ಮೊದಲನೆಯದರ ಮಿತಿಯನ್ನು ಇಡೀ ದೇಶಕ್ಕೆ ಕಲಿಸಿದ್ದು ಮಹಾರಾಷ್ಟ್ರದ್ದೇ ಪ್ರಕರಣ. 1959ರ ಏಪ್ರಿಲ್ 27ರಂದು ಮುಂಬಯಿಯಲ್ಲಿ ನೌಕಾದಳದ ಅಧಿಕಾರಿ ನಾನಾವತಿ ತನ್ನ ಹೆಂಡತಿಯ ಪ್ರಿಯಕರನನ್ನು ಗುಂಡಿಕ್ಕಿ ಕೊಂದನು. ಹೆಂಡತಿ ಮನೆಯಲ್ಲಿ ವಿಷಯವನ್ನು ಒಪ್ಪಿಕೊಂಡ ಮೇಲೆ ಅವನು ಹೆಂಡತಿ ಮಕ್ಕಳನ್ನು ಚಿತ್ರಮಂದಿರಕ್ಕೆ ಬಿಟ್ಟು, ಹಡಗಿಗೆ ಹೋಗಿ ಪಿಸ್ತೂಲು ಪಡೆದು, ಆತನ ಕಚೇರಿಯಲ್ಲಿ ಹುಡುಕಿ, ಕೊನೆಗೆ ಮನೆಗೆ ಹೋಗಿದ್ದನು. ಪಂಚರ ಮಂಡಳಿಯ ಒಂಬತ್ತು ಜನರಲ್ಲಿ ಎಂಟು ಜನ ಅವನನ್ನು ನಿರ್ದೋಷಿ ಎಂದರು. ಸೆಷನ್ಸ್ ನ್ಯಾಯಾಧೀಶರು ಅದನ್ನು ಒಪ್ಪದೆ ಉಚ್ಚ ನ್ಯಾಯಾಲಯಕ್ಕೆ ಕಳುಹಿಸಿದರು. 1961ರ ನವೆಂಬರ್ 24ರಂದು ಸರ್ವೋಚ್ಚ ನ್ಯಾಯಾಲಯ ಅಂತಿಮವಾಗಿ ಕೊಲೆಯೆಂದೇ ತೀರ್ಮಾನಿಸಿ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಕಾರಣ ಸರಳವಾದುದು: ಮನೆ ಬಿಟ್ಟ ಹೊತ್ತಿಗೂ ಗುಂಡು ಹಾರಿದ ಹೊತ್ತಿಗೂ ನಡುವೆ ಸುಮಾರು ಮೂರು ಗಂಟೆ ಕಳೆದಿದ್ದವು. ಕೋಪ ಆರಲು ಅಷ್ಟು ಸಮಯ ಸಾಕು. ಆ ಮೇಲಿನದು ಯೋಜನೆ. 1964ರಲ್ಲಿ ರಾಜ್ಯಪಾಲರು ಅವನಿಗೆ ಕ್ಷಮಾದಾನ ನೀಡಿದರೆಂಬುದು ನಿಜ. ಕ್ಷಮೆ ಬೇರೆ, ಕಾನೂನಿನ ಅಳತೆ ಬೇರೆ. ಆ ಅಳತೆ ಇಂದಿಗೂ ಬದಲಾಗಿಲ್ಲ.

ಜಗಳದಿಂದ ಎದ್ದು ಮನೆಗೆ ಹೋಗಿ ಕೊಡಲಿ ತಂದವನ ಪಾಡೂ ಇದೇ. ಕೈಗೆ ಸಿಕ್ಕ ಕಟ್ಟಿಗೆಯಿಂದ ಅಲ್ಲಿಯೇ ಒಂದು ಏಟು ಹಾಕಿದವನಿಗೂ, ಮನೆಯವರೆಗೆ ನಡೆದು ಆಯುಧ ತಂದವನಿಗೂ ನಡುವೆ ಇರುವ ದೂರ ಕೆಲವು ಹೆಜ್ಜೆಗಳದೇ ಆದರೂ ಕಾನೂನಿನ ದೃಷ್ಟಿಯಲ್ಲಿ ಅದು ಬಹಳ ದೂರ.

ರಸ್ತೆಯ ಮೇಲಿನ ಸಾವು

ಸಕ್ಕರೆ ಕಾರ್ಖಾನೆಗಳ ಹಂಗಾಮಿನಲ್ಲಿ ಈ ಭಾಗದ ರಸ್ತೆಗಳ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. ಹಿಂದೆ ಕೆಂಪು ದೀಪವಿಲ್ಲದ ಟ್ರೇಲರು ಕತ್ತಲಲ್ಲಿ ನಿಂತಿದೆ. ದ್ವಿಚಕ್ರದ ಸವಾರನು ಬಂದು ಬಡಿದು ಸಾಯುತ್ತಾನೆ. ಇದು ಸಾಮಾನ್ಯವಾಗಿ ನಿರ್ಲಕ್ಷ್ಯದ ಸಾವು, ಈಗಿನ ಕಲಮು 106. ಶಿಕ್ಷೆ ಐದು ವರ್ಷದವರೆಗೆ. ಹಳೆಯ ಕಾಯ್ದೆಯಲ್ಲಿ ಎರಡೇ ವರ್ಷವಿತ್ತು. ಇದು ಜಾಮೀನು ದೊರೆಯುವ ಅಪರಾಧ. ಡಿಕ್ಕಿ ಹೊಡೆದು ಯಾರಿಗೂ ತಿಳಿಸದೆ ಓಡಿಹೋದವನಿಗೆ ಹತ್ತು ವರ್ಷದವರೆಗಿನ ಶಿಕ್ಷೆ ಹೇಳುವ ಉಪಕಲಮೊಂದು ಹೊಸ ಸಂಹಿತೆಯಲ್ಲಿದ್ದರೂ, 2024ರ ಜನವರಿಯಲ್ಲಿ ವಾಹನ ಚಾಲಕರು ಪ್ರತಿಭಟಿಸಿದ ಮೇಲೆ, ಉಳಿದ ಕಾಯ್ದೆಯೊಂದಿಗೆ ಅದನ್ನು ಜಾರಿಗೆ ತರಲಿಲ್ಲ.

ಆದರೆ ರಸ್ತೆಯ ಸಾವೆಲ್ಲವೂ ನಿರ್ಲಕ್ಷ್ಯವೇ ಎಂದು ತಿಳಿಯಬಾರದು. 2006ರ ನವೆಂಬರ್ 12ರಂದು ಮುಂಬಯಿಯ ಬಾಂದ್ರಾದಲ್ಲಿ ಮದ್ಯಪಾನ ಮಾಡಿದ್ದ ಯುವಕನೊಬ್ಬ ಅತಿವೇಗದಿಂದ ಕಾರನ್ನು ಪಾದಚಾರಿ ಮಾರ್ಗದ ಮೇಲೆ ಹರಿಸಿದ. ಅಲ್ಲಿ ಮಲಗಿದ್ದ ಏಳು ಜನ ಕೂಲಿಕಾರರು ಸತ್ತರು. ಕೆಳಗಿನ ನ್ಯಾಯಾಲಯ ನಿರ್ಲಕ್ಷ್ಯ ಎಂದು ಆರು ತಿಂಗಳ ಸೆರೆ ವಿಧಿಸಿತು. ಉಚ್ಚ ನ್ಯಾಯಾಲಯ ಅದನ್ನು ನರಹತ್ಯೆಯ ಮೆಟ್ಟಿಲಿಗೆ ಏರಿಸಿ ಮೂರು ವರ್ಷ ಮಾಡಿತು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕುಡಿದು ಅಷ್ಟು ವೇಗದಲ್ಲಿ ಓಡಿಸಿದರೆ ಜನ ಸಾಯುತ್ತಾರೆಂಬ ಅರಿವು ಅವನಿಗೆ ಇತ್ತೆಂದೇ ಭಾವಿಸಬೇಕು ಎಂಬುದು ಅಲ್ಲಿಯ ನಿರ್ಣಯ. ನಿರ್ಲಕ್ಷ್ಯದವನು ಅಪಾಯವನ್ನು ನೋಡುವುದೇ ಇಲ್ಲ, ಅಥವಾ ಅದು ತಪ್ಪೀತೆಂದು ನಂಬುತ್ತಾನೆ. ಅರಿವುಳ್ಳವನು ಅದನ್ನು ನೋಡಿಯೂ ಮುಂದೆ ಹೋಗುತ್ತಾನೆ.

2024ರ ಮೇ 19ರಂದು ಪುಣೆಯ ಕಲ್ಯಾಣಿನಗರದಲ್ಲಿ ಹದಿನೇಳು ವರ್ಷದ ಹುಡುಗನ ಕಾರಿಗೆ ಸಿಕ್ಕು ಇಬ್ಬರು ಸತ್ತಾಗಲೂ ಇದೇ ಪ್ರಶ್ನೆ ಎದ್ದಿತು. ಮೊದಲು ನಿರ್ಲಕ್ಷ್ಯದ ಕಲಮು, ಅನಂತರ ನರಹತ್ಯೆಯ ಕಲಮು. ರಸ್ತೆ ಸುರಕ್ಷತೆಯ ಮೇಲೆ ಮುನ್ನೂರು ಪದಗಳ ಪ್ರಬಂಧ ಬರೆಯಬೇಕೆಂಬ ಜಾಮೀನಿನ ಷರತ್ತು ಆಗ ಮನೆಮನೆಯ ಮಾತಾಯಿತು.

ಶಾಲೆಗೆ ಹೋಗುವ ಮಕ್ಕಳ ತಂದೆತಾಯಿಗಳು ಇಲ್ಲಿ ಒಂದು ಸಂಗತಿಯನ್ನು ತಿಳಿದಿರಬೇಕು. 2015ರ ಬಾಲನ್ಯಾಯ ಕಾಯ್ದೆಯಂತೆ ಹದಿನಾರರಿಂದ ಹದಿನೆಂಟು ವರ್ಷದೊಳಗಿನವರು ‘ಘೋರ’ ಅಪರಾಧ ಮಾಡಿದ್ದಾರೆಂಬ ಆರೋಪವಿದ್ದರೆ, ಅವರನ್ನು ವಯಸ್ಕರಂತೆ ವಿಚಾರಣೆಗೆ ಒಳಪಡಿಸಬೇಕೆ ಎಂದು ಬಾಲನ್ಯಾಯ ಮಂಡಳಿ ಪರಿಶೀಲಿಸಬಹುದು. ಕನಿಷ್ಠ ಏಳು ವರ್ಷದ ಶಿಕ್ಷೆಯುಳ್ಳ ಅಪರಾಧವೇ ‘ಘೋರ’. ಕೊಲೆ ಅದರಲ್ಲಿ ಬರುತ್ತದೆ. ಕೊಲೆಯಲ್ಲದ ನರಹತ್ಯೆಗೆ ಅಂಥ ಕನಿಷ್ಠ ಶಿಕ್ಷೆ ಇರಲಿಲ್ಲವಾದುದರಿಂದ ಅದು ಬರುವುದಿಲ್ಲ ಎಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಹದಿನೇಳು ವರ್ಷದ ಮಗನ ಕೈಗೆ ಕೀಲಿ ಕೊಡುವ ಮೊದಲು ತಂದೆ ಯೋಚಿಸಬೇಕಾದುದು ಕಾಯ್ದೆಯ ಈ ಸೂಕ್ಷ್ಮವನ್ನಲ್ಲ, ನಿಜ. ಆದರೆ ಒಂದು ಪದದ ವ್ಯತ್ಯಾಸ ಒಬ್ಬ ಹುಡುಗನ ಮುಂದಿನ ಹಾದಿಯನ್ನೇ ಬೇರೆ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ಶಿಕ್ಷೆಯ ಅಳತೆ

ಕೊಲೆಗೆ ಎರಡೇ ಶಿಕ್ಷೆಗಳು: ಮರಣದಂಡನೆ ಅಥವಾ ಜೀವಾವಧಿ ಸೆರೆ, ಜೊತೆಗೆ ದಂಡ. ಜೀವಾವಧಿಯೇ ನಿಯಮ, ಮರಣದಂಡನೆ ‘ವಿರಳಾತಿವಿರಳ’ ಪ್ರಸಂಗಕ್ಕೆ ಮಾತ್ರ ಎಂಬುದು 1980ರ ಬಚನ್ ಸಿಂಗ್ ಪ್ರಕರಣದಿಂದ ಬಂದ ಸೂತ್ರ. ಇವೆರಡರ ನಡುವೆ ಒಂದು ಹೊಸ ಮೆಟ್ಟಿಲು ಕರ್ನಾಟಕದ ಪ್ರಕರಣದಿಂದಲೇ ಹುಟ್ಟಿತು. ಬೆಂಗಳೂರಿನ ಸ್ವಾಮಿ ಶ್ರದ್ಧಾನಂದನ ಪ್ರಕರಣದಲ್ಲಿ 2008ರ ಜುಲೈ 22ರಂದು ಸರ್ವೋಚ್ಚ ನ್ಯಾಯಾಲಯವು ನೇಣನ್ನು ತಪ್ಪಿಸಿ, ಆದರೆ ಉಸಿರಿರುವವರೆಗೂ ಬಿಡುಗಡೆಯಿಲ್ಲದ ಸೆರೆಯನ್ನು ವಿಧಿಸಿತು. 2015ರಲ್ಲಿ ಸಂವಿಧಾನ ಪೀಠ ಈ ಮಾರ್ಗವನ್ನು ಒಪ್ಪಿತು.

ಕೊಲೆಯಲ್ಲದ ನರಹತ್ಯೆಯಲ್ಲಿ ಉದ್ದೇಶವಿದ್ದರೆ ಜೀವಾವಧಿ, ಇಲ್ಲವೆ ಐದರಿಂದ ಹತ್ತು ವರ್ಷ. ಅರಿವು ಮಾತ್ರ ಇದ್ದರೆ ಹತ್ತು ವರ್ಷದವರೆಗೆ. ಇನ್ನು ಐದು ಅಥವಾ ಹೆಚ್ಚು ಜನರ ಗುಂಪು ಜನಾಂಗ, ಜಾತಿ, ಭಾಷೆ, ಹುಟ್ಟಿದ ಊರು ಮುಂತಾದ ಕಾರಣಕ್ಕೆ ಒಬ್ಬನನ್ನು ಕೊಂದರೆ ಗುಂಪಿನ ಪ್ರತಿಯೊಬ್ಬನಿಗೂ ಕೊಲೆಯ ಶಿಕ್ಷೆ ಎಂಬ ಹೊಸ ಉಪಕಲಮು 103ರಲ್ಲಿ ಸೇರಿದೆ. ಆ ಪಟ್ಟಿಯಲ್ಲಿ ಭಾಷೆಯ ಹೆಸರೂ ಇದೆ ಎಂಬುದನ್ನು ಗಡಿಯ ಜನ ಗಮನಿಸುವುದು ಉಚಿತ.

ಕಲಮು ಬರೆಯುವವರು ಯಾರು?

ಪೊಲೀಸರು ಮೊದಲ ದಿನ ಬರೆದ ಕಲಮು ಕೊನೆಯದಲ್ಲ. ತನಿಖೆಯಲ್ಲಿ ಅದು ಬದಲಾಗಬಹುದು. ಮ್ಹೈಸಾಳದಲ್ಲಿ ಆದುದು ಇದೇ. ಆಸ್ಪತ್ರೆಯಲ್ಲಿದ್ದ ಗಾಯಾಳು ಸತ್ತರೆ ಕೊಲೆಯ ಪ್ರಯತ್ನ ಕೊಲೆಯಾಗುತ್ತದೆ. ಆರೋಪಪಟ್ಟಿ ಬಂದ ಮೇಲೆ ನ್ಯಾಯಾಲಯವೇ ದೋಷಾರೋಪವನ್ನು ರಚಿಸುತ್ತದೆ, ತೀರ್ಪಿನ ಮೊದಲು ಯಾವಾಗ ಬೇಕಾದರೂ ಅದನ್ನು ತಿದ್ದಬಹುದು. ಕೊಲೆಯ ಆರೋಪದ ಮೇಲೆ ವಿಚಾರಣೆ ನಡೆದು ನರಹತ್ಯೆ ಮಾತ್ರ ಸಿದ್ಧವಾದರೆ ಕೆಳಗಿನ ಅಪರಾಧಕ್ಕೆ ಶಿಕ್ಷೆ ಕೊಡಬಹುದು. ಕೆಳಗಿನ ಆರೋಪ ಹೊರಿಸಿ ಮೇಲಿನದಕ್ಕೆ ಶಿಕ್ಷೆ ಕೊಡಲಾಗದು.

ಗಡಿಯವರಿಗೆ ಉಪಯುಕ್ತವಾದ ಇನ್ನೊಂದು ಮಾತು: ಅಥಣಿ ತಾಲೂಕಿನಲ್ಲಿ ಗಾಯಗೊಂಡವನನ್ನು ಮಿರಜಕ್ಕೆ ತಂದಾಗ ‘ಇದು ನಮ್ಮ ಹದ್ದಿನದಲ್ಲ’ ಎಂದು ಠಾಣೆಯಿಂದ ಮರಳಿ ಕಳುಹಿಸುವಂತಿಲ್ಲ. ಅಪರಾಧ ಎಲ್ಲಿಯೇ ನಡೆದಿರಲಿ, ಯಾವುದೇ ಠಾಣೆ ವರದಿಯನ್ನು ದಾಖಲಿಸಿಕೊಳ್ಳಬೇಕೆಂದು ಹೊಸ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಬರೆದುಕೊಂಡುದನ್ನು ಓದಿ ಹೇಳಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು.

ಮಾತು ಮತ್ತು ಮನಸ್ಸು

ಇಲ್ಲಿಯೇ ಕನ್ನಡದ ಪ್ರಶ್ನೆ ಬರುತ್ತದೆ. ಕಾನೂನು ಅಳೆಯುವುದು ಮನಸ್ಸನ್ನು. ಮನಸ್ಸು ಹೊರಬರುವುದು ಮಾತಿನಲ್ಲಿ. ಮಾತು ಕನ್ನಡದ್ದು, ಬರಹ ಮರಾಠಿಯದು. ಮಕ್ಕಳು ಹಟ ಮಾಡಿದರೆ ‘ಕೊಂದ ಹಾಕತೀನಿ ನೋಡ’ ಎಂದು ಗದರದ ತಾಯಿ ಈ ಭಾಗದಲ್ಲಿ ಇದ್ದಾಳೆಯೇ? ಆ ಮಾತಿನಲ್ಲಿ ಕೊಲ್ಲುವ ಉದ್ದೇಶದ ನೆರಳೂ ಇರುವುದಿಲ್ಲ. ಅದೇ ಮಾತು ಬದುವಿನ ಜಗಳದಲ್ಲಿ ಬಾಯಿಗೆ ಬಂದು, ಅನಂತರ ಯಾರೋ ಅದನ್ನು ‘ಠಾರ ಮಾರೀನ’ ಎಂದು ಬರೆದುಕೊಂಡರೆ, ಅದು ಉದ್ದೇಶಕ್ಕೆ ಸಾಕ್ಷ್ಯವಾಗಿ ನಿಲ್ಲಬಹುದು. ‘ಹೊಡೆದ, ಅವನು ಸತ್ತ’ ಎಂಬುದಕ್ಕೂ ‘ಹೊಡೆದು ಕೊಂದ’ ಎಂಬುದಕ್ಕೂ ಎಷ್ಟು ಅಂತರ! ಮೊದಲನೆಯದು ಎರಡು ಘಟನೆ; ಎರಡನೆಯದು ಒಂದು ಉದ್ದೇಶ. ಅನುವಾದದಲ್ಲಿ ಈ ಅಂತರ ಅಳಿಸಿಹೋದರೆ ಕಲಮು 105 ಇದ್ದುದು 103 ಆದೀತು. ಇದಕ್ಕೆ ವಿರುದ್ಧವಾದುದೂ ನಡೆದೀತು: ಸತ್ತವನ ಮನೆಯವರು ಕಂಡುದನ್ನು ಕಂಡಂತೆ ಹೇಳಿದರೂ ಬರಹದಲ್ಲಿ ಅದು ಸಪ್ಪೆಯಾಗಿ, ನಿಜವಾದ ಕೊಲೆ ಕೆಳಗಿನ ಮೆಟ್ಟಿಲಿಗೆ ಇಳಿದೀತು.

ಮಹಾರಾಷ್ಟ್ರದ ಕೆಳ ನ್ಯಾಯಾಲಯಗಳ ಭಾಷೆ ಮರಾಠಿ. ಆದರೂ ಕನ್ನಡ ಮಾತ್ರ ಬಲ್ಲವನು ನಿರುಪಾಯನಲ್ಲ. ಸಾಕ್ಷಿಯು ಬೇರೆ ಭಾಷೆಯಲ್ಲಿ ನುಡಿದರೆ ಸಾಧ್ಯವಿದ್ದಲ್ಲಿ ಅದೇ ಭಾಷೆಯಲ್ಲಿ ಬರೆದುಕೊಳ್ಳಬಹುದು. ಇಲ್ಲವಾದರೆ ಸರಿಯಾದ ಅನುವಾದವನ್ನು ಸಿದ್ಧಪಡಿಸಬೇಕು. ಆರೋಪಿಗೆ ತಿಳಿಯದ ಭಾಷೆಯ ಸಾಕ್ಷ್ಯವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. 1962ರಲ್ಲಿಯೇ ಮಹಾರಾಷ್ಟ್ರದ ಹರಿಕಿಸನ್ ಪ್ರಕರಣದಲ್ಲಿ, ಇಂಗ್ಲಿಷ್ ಅರಿಯದವನಿಗೆ ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟರೆ ಸಾಲದು ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತ್ತು. 2025ರ ನವೆಂಬರಿನಲ್ಲಿ, ಮುಂಬಯಿಯ ರಸ್ತೆ ಸಾವಿನ ಪ್ರಕರಣವೊಂದರಿಂದ ಎದ್ದ ಮೊಕದ್ದಮೆಯಲ್ಲಿ, ಬಂಧನದ ಕಾರಣಗಳನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಬರಹದ ಮೂಲಕವೇ ಕೊಡಬೇಕೆಂದು ಅದೇ ನ್ಯಾಯಾಲಯ ಮತ್ತೆ ಒತ್ತಿ ಹೇಳಿದೆ.

ಹಕ್ಕು ಕಾಗದದ ಮೇಲೆ ಇದ್ದರೆ ಸಾಲದು, ಕೇಳುವವರು ಬೇಕು. ಬರೆದುಕೊಂಡ ಹೇಳಿಕೆಯನ್ನು ಓದಿಸಿ ಕೇಳುವುದು, ತಿಳಿಯದ ಪದಕ್ಕೆ ತಡೆದು ಅರ್ಥ ಕೇಳುವುದು, ತಾನು ಆಡಿದ ಮಾತು ಹಾಗೆಯೇ ಬಂದಿದೆಯೇ ಎಂದು ನೋಡುವುದು: ಇಷ್ಟನ್ನು ಮಾಡಲು ಎರಡೂ ಭಾಷೆ ಬಲ್ಲವರೊಬ್ಬರು ಮನೆಯಲ್ಲಿದ್ದರೆ ಸಾಕು. ಕನ್ನಡ ಶಾಲೆಯಲ್ಲಿ ಕಲಿಯುತ್ತ ಪೇಟೆಯಲ್ಲಿ ಮರಾಠಿ ಆಡುವ ಮಕ್ಕಳೇ ಅವರು. ‘ಬರಬಹುದು’ ಮತ್ತು ‘ಬಂದೇ ಬರುತ್ತದೆ’ ಎಂಬುದರ ಭೇದವನ್ನು ವ್ಯಾಕರಣದ ತಾಸಿನಲ್ಲಿ ಕಲಿತ ಹುಡುಗಿಯೊಬ್ಬಳು ಮುಂದೊಂದು ದಿನ ಸಾಂಗ್ಲಿಯ ನ್ಯಾಯಾಲಯದಲ್ಲಿ ಯಾರದೋ ಮಾತನ್ನು ಸರಿಯಾಗಿ ಅನುವಾದಿಸಿದರೆ, ಅಂದು ಆ ಶಾಲೆಯ ಪಾಠ ಸಾರ್ಥಕವಾಗುತ್ತದೆ.